ವ್ಯಾಯಾಮಕ್ಕೆ ಮುಂದಿನ ಬಣ್ಣದ ಟ್ಯೂಬ್ ಕೊಳ್ಳಬೇಡಿ, ಇರುವುದನ್ನು ಮೊದಲು ತೂಗಿ ನೋಡಿ

ವ್ಯಾಯಾಮದ ರಬ್ಬರ್ ಟ್ಯೂಬುಗಳಲ್ಲಿ ಬಣ್ಣ ಬದಲಾದ ಹಾಗೆ ಬಿಗಿ ಏರುತ್ತದೆ. ಹಸಿರು ಟ್ಯೂಬಿನಲ್ಲಿ 30 ಸಲ ಸುಲಭವಾಗಿ ಆಗುತ್ತಿದೆ, ಮುಂದೆ ನೀಲಿ ಕೊಳ್ಳಲೋ ಕಪ್ಪು ಕೊಳ್ಳಲೋ ಎಂದು ಕೇಳಿದ್ದೀರಿ. ಮಾವನವರನ್ನು ಒಬ್ಬರೇ ಬಿಟ್ಟು ಜಿಮ್‌ಗೆ ಹೋಗುವ ಹಾಗಿಲ್ಲ, ಅವರನ್ನು ಎಬ್ಬಿಸಿ ಕೂರಿಸುವಷ್ಟು ಶಕ್ತಿ ನಿಮಗೆ ಬೇಕು ಎಂದೂ ಬರೆದಿದ್ದೀರಿ. ಎರಡನ್ನೂ ಕೊಳ್ಳಬೇಡಿ. ಯಾಕೆ ಅಂತ ಹೇಳುತ್ತೇನೆ. ಮಾವನವರ ಜಾಗದಲ್ಲಿ ನನ್ನ ಅಮ್ಮ ಇದ್ದರು ಅನ್ನುವುದು ಬಿಟ್ಟರೆ ನಿಮ್ಮ ಪ್ರಶ್ನೆ ಪೂರ್ತಿ ನನ್ನದೇ.

ಅಪ್ಪ ಹೋದ ಮೇಲೆ ಅಮ್ಮ ಸುಳ್ಯದ ಮನೆ ಬಿಟ್ಟು ಮಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದರು. ಮೊಣಕಾಲು ಸವೆದಿತ್ತು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಮ್ಮಿಯಾಗಿತ್ತು. ಇವತ್ತಲ್ಲ ನಾಳೆ ಅಮ್ಮನನ್ನು ಎತ್ತಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಹಿಡಿಕೆ ಇರುವ ರಬ್ಬರ್ ಟ್ಯೂಬ್ ತಂದೆ. ಅಮ್ಮ ಮಧ್ಯಾಹ್ನ ಮಲಗಿದಾಗ ಪಕ್ಕದ ಕೋಣೆಯಲ್ಲಿ ವ್ಯಾಯಾಮ. ಟ್ಯೂಬನ್ನು ಪಾದದಡಿ ಹಾಕಿ, ಹಿಡಿಕೆಗಳನ್ನು ಭುಜದ ಹತ್ತಿರ ಹಿಡಿದು ಬಸ್ಕಿ. ಕಿಟಕಿ ಸರಳಿಗೆ ಸಿಕ್ಕಿಸಿ ಬೆನ್ನಿಗೆ ಎಳೆತ. ಮೊದಲು ಹಳದಿ, ಆಮೇಲೆ ಕೆಂಪು, ಆಮೇಲೆ ಹಸಿರು. ಶುರುವಿನಲ್ಲಿ ಹತ್ತು ದಾಟಲು ಒದ್ದಾಡಿದವಳು ಹಸಿರಿನಲ್ಲಿ ಮೂವತ್ತಕ್ಕೆ ಬಂದೆ. ಸುಮಾರು ಒಂದು ವರ್ಷ ಬಿಡದೆ ಮಾಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಲೆಕ್ಕ ಬರೆದಿಡುತ್ತಿದ್ದೆ.

ಒಂದು ದಿನ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಕೂತರು. ಬಿದ್ದದ್ದಲ್ಲ, ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿದದ್ದು. ಪೆಟ್ಟೇನೂ ಆಗಿರಲಿಲ್ಲ. ನಾನು ಹಿಂದೆ ನಿಂತು ಕಂಕುಳಡಿ ಕೈ ಹಾಕಿ ಬಗ್ಗಿದೆ. ಏಳಲು ನೋಡಿದರೆ ನನ್ನ ಕಾಲೇ ಏಳಲಿಲ್ಲ. ಇನ್ನೊಮ್ಮೆ ನೋಡಿದೆ, ಬೆನ್ನು ಹಿಡಿಯಿತು. ಅಮ್ಮ ಒದ್ದೆ ನೆಲದ ಮೇಲೆ, ಅರ್ಧ ಬಟ್ಟೆಯಲ್ಲಿ. ಗಂಡ ಕೆಲಸಕ್ಕೆ ಹೋಗಿದ್ದರು. ಕೊನೆಗೆ ಕೆಳಗಿನ ಮನೆಯವರನ್ನು ಕರೆಯಬೇಕಾಯಿತು. ಅಮ್ಮ ಎಂಥ ಮರ್ಯಾದಸ್ಥೆ ಅಂದರೆ, ಅವರು ಬರುವ ಮೊದಲು ಮೈಮೇಲೆ ಟವೆಲ್ ಸರಿಯಾಗಿ ಹಾಕು ಅನ್ನುವುದೇ ಅವರಿಗೆ ಚಿಂತೆ. "ಇರಲಿ ಮಗಾ, ನಿನ್ನಿಂದ ಹೇಗಾದೀತು" ಎಂದರು. ಆ ಮಾತು ನನಗೆ ಇವತ್ತಿಗೂ ನೋಯುತ್ತದೆ. ಒಂದು ವರ್ಷ ಅದಕ್ಕೆಂದೇ ತಯಾರಿ ಮಾಡಿದ್ದೆ ಅಲ್ವಾ?

ನಾನು ಮಾಡಿದ ತಪ್ಪು ಒಂದೇ. ಎಷ್ಟು ಸಲ ಮಾಡಿದೆ, ಯಾವ ಬಣ್ಣದಲ್ಲಿ ಮಾಡಿದೆ ಎಂದು ಲೆಕ್ಕ ಇಟ್ಟೆ. ಎಷ್ಟು ಭಾರ ಎಳೆದೆ ಎಂದು ಒಂದು ದಿನವೂ ನೋಡಲಿಲ್ಲ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ನೀವೂ ಇದನ್ನೇ ಮಾಡುತ್ತಿದ್ದೀರಿ ಅಂತ ನನಗೆ ಅನ್ನಿಸುತ್ತಿದೆ.

ನನ್ನ ತಮ್ಮ ದುಬೈಯಲ್ಲಿದ್ದಾನೆ. ಅವನು ಬಂದು ಹೋಗುವಾಗ ಪೆಟ್ಟಿಗೆ ತೂಗಲು ಇಟ್ಟುಕೊಂಡ ಕೊಕ್ಕೆಯ ತೂಕದ ಯಂತ್ರ ನಮ್ಮ ಕಪಾಟಿನಲ್ಲಿತ್ತು. ಕರಾವಳಿಯ ಸುಮಾರು ಮನೆಗಳಲ್ಲಿ ಅದು ಇರುತ್ತದೆ. ಅಮ್ಮ ಜಾರಿದ ಮೇಲೆ ಅದನ್ನು ಟ್ಯೂಬಿನ ಹಿಡಿಕೆಗೆ ಸಿಕ್ಕಿಸಿ ಎಳೆದು ನೋಡಿದೆ. ಅದೇ ಕಂಪನಿಯ ಹೊಸ ಹಸಿರು ಟ್ಯೂಬ್ ತರಿಸಿ ಅದನ್ನೂ ಎಳೆದೆ. ನೆಲದ ಮೇಲಿನ ಒಂದೇ ಗುರುತಿನಲ್ಲಿ ಹೊಸದು 8 ಕೆಜಿ ತೋರಿಸಿತು. ನನ್ನದು 6 ಕೂಡ ಮುಟ್ಟಲಿಲ್ಲ. ನಾನು ದಿನಾ ಬಸ್ಕಿಗೆ ನಿಲ್ಲುತ್ತಿದ್ದ ರೀತಿಯಲ್ಲಿ ಹಿಡಿದು ನೋಡಿದರೆ ಒಂದು ಕೈಗೆ 4 ಕೆಜಿ. ಎರಡೂ ಕೈ ಸೇರಿ 8. ಅಮ್ಮನ ತೂಕ 52.

ಭಾರ ಇಷ್ಟು ಕಮ್ಮಿಯಾಗಲು ಮೊದಲ ಕಾರಣ, ಟ್ಯೂಬೇ ಸಡಿಲಾಗಿತ್ತು. ಯಾಕೆ ಎಂದರೆ ನಾನೇ ಅದನ್ನು ಕೆಡಿಸಿದ್ದೆ. ಬೆವರಿನ ವಾಸನೆ ಹೋಗಲಿ ಎಂದು ಬಟ್ಟೆ ಜೊತೆ ಬಾಲ್ಕನಿಯ ಬಿಸಿಲಿಗೆ ಹಾಕುತ್ತಿದ್ದೆ. ಅಮ್ಮನ ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲೇ ಟ್ಯೂಬ್ ಹಿಡಿಯುತ್ತಿದ್ದೆ. ಬಿಸಿಲು ರಬ್ಬರನ್ನು ಹಾಳು ಮಾಡುತ್ತದೆ, ಎಣ್ಣೆ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಇದರ ಮೇಲೆ ದಿನಾ ಎಳೆದು ಎಳೆದು ಅದರ ಬಿಗಿ ಬೇರೆ ಇಳಿಯುತ್ತದೆ. ನಾನು ರಬ್ಬರ್ ತೋಟದ ನಡುವೆ ಬೆಳೆದವಳು. 1964ರ ಭಾರತ-ಶ್ರೀಲಂಕಾ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ನಮ್ಮ ಸುಳ್ಯದ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿದ್ದರು. ಆ ಕಾಲೊನಿಯ ಒಬ್ಬರು ಅಕ್ಕ ನಮ್ಮ ಮರಗಳಿಗೂ ಟ್ಯಾಪಿಂಗ್‌ಗೆ, ಅಂದರೆ ತೊಗಟೆ ಗೀರಿ ರಬ್ಬರ್ ಹಾಲು ಇಳಿಸಲು, ಬರುತ್ತಿದ್ದರು. ಬೆಳಗಿನ ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ ಎಂದು ಕತ್ತಲಿರುವಾಗಲೇ ತಲೆಗೆ ಲೈಟ್ ಕಟ್ಟಿಕೊಂಡು ಬರುವವರು. ಆ ಹಾಲಿನಿಂದ ಮಾಡಿದ ರಬ್ಬರ್ ಶೀಟನ್ನು ಬಿಸಿಲಲ್ಲಿ ಜಾಸ್ತಿ ಬಿಟ್ಟರೆ ಅಂಟಂಟಾಗುತ್ತದೆ ಎಂದು ನನಗೆ ಅವರು ಅದೆಷ್ಟು ಸಲ ಹೇಳಿದ್ದಾರೋ. ಅಂಗಡಿಯ ಟ್ಯೂಬೂ ಅದೇ ಹಾಲಿನಿಂದ ಆದದ್ದು ಎಂದು ನನಗೆ ಹೊಳೆಯಲೇ ಇಲ್ಲ.

ಎರಡನೆಯದು ನಿಲ್ಲುವ ಜಾಗ. ಟ್ಯೂಬ್ ಎಷ್ಟು ಭಾರ ಕೊಡುತ್ತದೆ ಅನ್ನುವುದು ಅದರ ಮೂಲ ಉದ್ದಕ್ಕೆ ಹೋಲಿಸಿದರೆ ಎಷ್ಟು ಪಾಲು ಹಿಗ್ಗಿತು ಎನ್ನುವುದರ ಮೇಲೆ ನಿಂತಿದೆ. ಪಾದಗಳನ್ನು ಅಗಲಿಸಿ ನಿಂತರೆ ಪಾದಗಳ ನಡುವೆ ಟ್ಯೂಬ್ ಜಾಸ್ತಿ ಹೋಗುತ್ತದೆ, ಎಳೆಯಲು ಉಳಿಯುವ ತುಂಡು ಗಿಡ್ಡವಾಗುತ್ತದೆ, ಭಾರ ಏರುತ್ತದೆ. ಪಾದ ಹತ್ತಿರ ತಂದರೆ ಭಾರ ಇಳಿಯುತ್ತದೆ. ಸುಸ್ತಾದಾಗ ನನ್ನ ಪಾದಗಳು ತಾವಾಗಿಯೇ ಹತ್ತಿರ ಬರುತ್ತಿದ್ದವು. ಬೆನ್ನಿನ ಎಳೆತದಲ್ಲೂ ಹಾಗೇ, ಕಿಟಕಿ ಕಡೆ ಅರ್ಧ ಹೆಜ್ಜೆ ಸರಿದಿರುತ್ತಿದ್ದೆ. ಕಬ್ಬಿಣದ ಗುಂಡು ಹಿಡಿದಿದ್ದರೆ ಹೀಗೆ ಆಗುತ್ತಿರಲಿಲ್ಲ, 5 ಕೆಜಿ ಯಾವತ್ತೂ 5 ಕೆಜಿಯೇ. ಟ್ಯೂಬಿನಲ್ಲಿ ನಮಗೆ ಗೊತ್ತಾಗದ ಹಾಗೆ ಭಾರ ಕಳೆದುಹೋಗುತ್ತದೆ, ಲೆಕ್ಕ ಮಾತ್ರ ಏರುತ್ತಾ ಹೋಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಮಾವನವರನ್ನು ಎತ್ತಬೇಕು ಅನ್ನುವ ನಿಮಗಂತೂ. ಟ್ಯೂಬ್ ಹಿಗ್ಗಿದಷ್ಟೂ ಭಾರ. ಬಸ್ಕಿಯಲ್ಲಿ ಪೂರ್ತಿ ಎದ್ದು ನಿಂತಾಗ ಅದು ಬಿಗಿ, ಕೆಳಗೆ ಕೂತಾಗ ಸಡಿಲ. ನಮ್ಮ ಕಾಲು ಅದಕ್ಕೆ ಉಲ್ಟಾ. ಮೇಲೆ ಬಂದಾಗ ಬಲ ಜಾಸ್ತಿ, ಕೆಳಗೆ ಮಂಡಿ ಪೂರ್ತಿ ಮಡಚಿದಾಗ ಕಷ್ಟ. ನೆಲದಲ್ಲಿ ಕೂತವರನ್ನು ಎಬ್ಬಿಸುವಾಗ ಬೇಕಾಗುವುದು ಆ ಕೆಳಗಿನ ಬಲವೇ. ಅಂದರೆ ಒಂದು ವರ್ಷ ನಾನು ಮೊದಲೇ ಬರುತ್ತಿದ್ದ ಅರ್ಧವನ್ನು ಗಟ್ಟಿ ಮಾಡಿಕೊಂಡೆ. ಬೇಕಾಗಿದ್ದ ಅರ್ಧದಲ್ಲಿ ಟ್ಯೂಬ್ ಸುಮ್ನೆ ಜೋತು ಬಿದ್ದಿರುತ್ತಿತ್ತು. ಇದು ಕಪ್ಪು ಟ್ಯೂಬ್ ತಂದರೂ ಸರಿಹೋಗುವುದಿಲ್ಲ. ಅದೂ ಕೆಳಗೆ ಸಡಿಲವೇ.

ಬಣ್ಣದ ಮಾತಿಗೆ ಬಂದರೆ, ಎಲ್ಲಾ ಕಂಪನಿಗಳಿಗೂ ಒಂದೇ ಅಂತ ನಿಯಮ ಇಲ್ಲ. ಥೆರಾಬ್ಯಾಂಡ್ ಕಂಪನಿಯದರಲ್ಲಿ ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು ಅಂತ ಏರಿಕೆ. ಬೇರೆ ಕಂಪನಿಯ ಹಸಿರು ಇದರ ಕಪ್ಪಿಗಿಂತ ಗಟ್ಟಿ ಇರಬಹುದು. ಪೆಟ್ಟಿಗೆ ಮೇಲೆ ಬರೆದ ಭಾರವನ್ನೂ ನಂಬಿ ಕೂರಬೇಡಿ. ಎಷ್ಟು ಹಿಗ್ಗಿಸಿದಾಗಿನ ಭಾರ ಅಂತ ಬರೆಯದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ನಿಮ್ಮ ಹಸಿರು ಎಷ್ಟು ಎಂದು ನಿಮ್ಮ ಮನೆಯಲ್ಲೇ ನೋಡಬೇಕು. ಟ್ಯೂಬನ್ನು ಗಟ್ಟಿ ಜಾಗಕ್ಕೆ ಸಿಕ್ಕಿಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡಿಗೊಂದು ಗೆರೆ ಹಾಕಿ. ಪ್ರತಿ ಗೆರೆಯಲ್ಲೂ ಕೊಕ್ಕೆ ಯಂತ್ರ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಆಮೇಲೆ ನಿಲ್ಲುವ ಗೆರೆ ಗೊತ್ತುಮಾಡಿಕೊಂಡು ಅಲ್ಲೇ ನಿಲ್ಲಿ. ಸುಲಭವಾದಾಗ ಹೊಸ ಟ್ಯೂಬ್ ಬೇಡ, ಒಂದು ಗೆರೆ ಹಿಂದೆ ಹೋಗಿ. ತಿಂಗಳಿಗೊಮ್ಮೆ ಮತ್ತೆ ತೂಗಿ. ಅಂಕಿ ಇಳಿದಿದ್ದರೆ ಟ್ಯೂಬಿನ ಕಾಲ ಮುಗಿಯುತ್ತಾ ಬಂತು.

30 ಸಲದ ಹಿಂದೆ ಬೀಳುವುದನ್ನೂ ಬಿಡಿ. 10-15 ಸಲಕ್ಕೆ, ಇನ್ನೊಂದೆರಡು ಮಾಡಿದರೆ ಕೈ ನಿಲ್ಲುತ್ತದೆ ಅನ್ನುವ ಹಾಗಿರಬೇಕು. ಹಿಂದಕ್ಕೆ ಬಿಡುವಾಗ ನಿಧಾನ. ಟ್ಯೂಬ್ ಕೈಯನ್ನು ಎಳೆದುಕೊಂಡು ಹೋಗಲು ಬಿಡಬೇಡಿ, ಅರ್ಧ ಕೆಲಸ ಅಲ್ಲೇ ಇದೆ.

ಇನ್ನು ಕಾಲಿಗೆ. ನನ್ನ ಅಭಿಪ್ರಾಯ ಕೇಳಿದರೆ, ನೀವು ಬಸ್ಕಿಗೆ ಟ್ಯೂಬ್ ಬಿಟ್ಟೇಬಿಡಿ. ಮೊದಲು ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ. ಅದು ಸಲೀಸಾದ ಮೇಲೆ ಗಿಡ್ಡ ಸ್ಟೂಲು. ಆಮೇಲೆ ಮಣೆ. ಊಟಕ್ಕೆ ಕೂರುವ ಮಣೆಯಿಂದ ಕೈ ಊರದೆ ಏಳುವುದು ಎಷ್ಟು ಕಷ್ಟ ಎಂದು ಒಮ್ಮೆ ನೋಡಿ, ನಾನು ಹೇಳಿದ ಕೆಳಗಿನ ಬಲ ಯಾವುದು ಅಂತ ಗೊತ್ತಾಗುತ್ತದೆ. ಅದೂ ಬಂದ ಮೇಲೆ ಅಕ್ಕಿ ತುಂಬಿದ ಬ್ಯಾಗನ್ನು ಎದೆಗೆ ಅಪ್ಪಿ ಹಿಡಿದು ಮಾಡಿ. ಡಂಬೆಲ್‌ಗೆ ದುಡ್ಡು ಹಾಕಬೇಡಿ. ತುಂಬಿದ 20 ಲೀಟರ್ ನೀರಿನ ಕ್ಯಾನ್ 20 ಕೆಜಿ. ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕೆಜಿ, ಕಬ್ಬಿಣ ಸೇರಿ ಹೆಚ್ಚುಕಮ್ಮಿ 30. ಸಿಲಿಂಡರ್ ಹಿಡಿದು ವ್ಯಾಯಾಮ ಮಾಡಿ ಅಂತ ಹೇಳುತ್ತಿಲ್ಲ, ಅದು ಅಪಾಯ. ಟ್ಯೂಬಿನ 8 ಕೆಜಿಗೂ ಮನೆಯ ನಿಜವಾದ ಭಾರಕ್ಕೂ ಇರುವ ಅಂತರ ಕಾಣಲಿ ಅಂತ ಹೇಳಿದೆ. ನೀರಿನ ಕ್ಯಾನನ್ನು ಬೆನ್ನು ನೆಟ್ಟಗಿಟ್ಟು, ಸೊಂಟದಿಂದ ಬಗ್ಗಿ, ಮೈಗೆ ಹತ್ತಿರ ಹಿಡಿದು ಎತ್ತಿ ಇಳಿಸುವುದನ್ನು ಮಾತ್ರ ನಾನು ಈಗಲೂ ಮಾಡುತ್ತೇನೆ. ಅರ್ಧ ತುಂಬಿದ ಕ್ಯಾನಿನಿಂದ ಶುರುಮಾಡಿ.

ಹಾಗಂತ ಟ್ಯೂಬ್ ಎಸೆಯಬೇಡಿ. ಬೆನ್ನಿನ ಮೇಲ್ಭಾಗ, ಭುಜ, ತೋಳಿಗೆ ಅದರಷ್ಟು ಒಳ್ಳೆಯದು ಮನೆಯಲ್ಲಿ ಬೇರೆ ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2019ರ ಒಂದು ವಿಶ್ಲೇಷಣೆಯಲ್ಲೂ, ಟ್ಯೂಬ್ ಮತ್ತು ಬ್ಯಾಂಡಿನಿಂದ ಬಂದ ಬಲ ಕಬ್ಬಿಣ ಮತ್ತು ಯಂತ್ರಗಳಿಂದ ಬಂದದ್ದಕ್ಕೆ ಹತ್ತಿರವೇ ಇತ್ತು. ಟ್ಯೂಬಿನಿಂದ ಸ್ನಾಯು ಬೆಳೆಯುವುದಿಲ್ಲ ಅನ್ನುವವರ ಮಾತು ಕೇಳಬೇಡಿ. ಎಲ್ಲಿ ಬಳಸಬೇಕೋ ಅಲ್ಲಿ, ಅಳೆದು ಬಳಸಿ. ದೊಡ್ಡವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ರೋಗಿ ನೋಡಿಕೊಳ್ಳುವ ಮನೆಯಲ್ಲಿ ಎರಡು ದಿನ ಖಂಡಿತ ಸಿಗುತ್ತದೆ, ಏಳು ದಿನ ಸಿಗುವುದಿಲ್ಲ. ಎರಡೇ ಸಾಕು.

ಕಣ್ಣಿನ ಬಗ್ಗೆ ಎಚ್ಚರ. ಟ್ಯೂಬ್ ಕಿತ್ತು ಅಥವಾ ಜಾರಿ ಬಂದು ಹೊಡೆದು ಕಣ್ಣೊಳಗೆ ರಕ್ತ ತುಂಬಿದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಮುಖದ ನೇರಕ್ಕೆ ಎಳೆಯಬೇಡಿ. ಪ್ರತಿ ಸಲ ಹಿಡಿಕೆಯ ಬುಡದಲ್ಲಿ ಬಿರುಕು ಇದೆಯಾ ನೋಡಿ, ಇದ್ದರೆ ಅವತ್ತೇ ಎಸೆಯಿರಿ. ನಾನು ಮಾಡಿದ ಹಾಗೆ ಕಿಟಕಿ ಸರಳಿಗೆ ಸಿಕ್ಕಿಸಬೇಡಿ, ಪೇಂಟ್ ಎದ್ದ ಕಬ್ಬಿಣದ ಅಂಚು ರಬ್ಬರನ್ನು ಕೊಯ್ಯುತ್ತದೆ. ಬಾಗಿಲಿಗೆ ಸಿಕ್ಕಿಸುವುದಾದರೆ ನೀವು ಎಳೆದಾಗ ಬಾಗಿಲು ಮುಚ್ಚುವ ಕಡೆಗೇ ಹೋಗಬೇಕು, ಚಿಲಕವೂ ಹಾಕಿರಬೇಕು. ಮೂಲ ಉದ್ದದ ಮೂರು ಪಟ್ಟಿಗಿಂತ ಜಾಸ್ತಿ ನಾನು ಎಳೆಯುವುದಿಲ್ಲ. ಬಳಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಸ್ವಲ್ಪ ಪೌಡರ್ ಸವರಿ ಡಬ್ಬಿಯಲ್ಲಿಡಿ.

ಕೊನೆಯದಾಗಿ, ಮಾವನವರನ್ನು ಎತ್ತುವ ಬಗ್ಗೆ. ಎಷ್ಟೇ ಬಲ ಬಂದರೂ ನಾನು ಮಾಡಿದ ಹಾಗೆ ಹಿಂದಿನಿಂದ ಕಂಕುಳಡಿ ಕೈ ಹಾಕಿ ಎಳೆಯಬೇಡಿ. ಅವರ ಭುಜಕ್ಕೂ ಕೆಟ್ಟದ್ದು, ನಿಮ್ಮ ಬೆನ್ನಿಗೂ ಕೆಟ್ಟದ್ದು. ನಮಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ಕ್ರಮ ಹೀಗೆ. ಮೊದಲು ಎಲ್ಲಾದರೂ ತೀರಾ ನೋವಿದೆಯಾ ಕೇಳಿ. ಇದ್ದರೆ ಅಲುಗಾಡಿಸದೆ ಆಂಬುಲೆನ್ಸ್ ಕರೆಯಿರಿ. ಇಲ್ಲದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ, ಮಂಡಿಯಡಿ ದಪ್ಪ ಬಟ್ಟೆ ಮಡಚಿ ಹಾಕಿ, ಮಂಡಿಯೂರಿಸಿ. ಮುಂದೆ ಗಟ್ಟಿ ಕುರ್ಚಿ ಇಟ್ಟು ಅವರ ಕೈ ಅದರ ಮೇಲೆ ಊರಿಸಿ. ಒಂದು ಪಾದ ಮುಂದೆ ತಂದು ಅವರೇ ಏಳಲಿ, ನೀವು ಸೊಂಟದ ಹತ್ತಿರ ಆಸರೆ ಕೊಡಿ. ಇನ್ನೊಂದು ಕುರ್ಚಿ ಹಿಂದೆ ಇರಲಿ, ಎದ್ದ ಕೂಡಲೇ ಕೂರಲು. ಅವರ ಕಾಯಿಲೆಗೆ ತಕ್ಕ ಹಾಗೆ ಇದರಲ್ಲಿ ಬದಲಾವಣೆ ಇರಬಹುದು, ಒಮ್ಮೆ ಫಿಸಿಯೋಥೆರಪಿಯವರನ್ನು ಮನೆಗೆ ಕರೆಸಿ ಕಲಿತುಕೊಳ್ಳಿ. ಎರಡು ಟ್ಯೂಬಿಗೆ ಹಾಕಬೇಕೆಂದಿದ್ದ ದುಡ್ಡು ಇದಕ್ಕೆ ಹಾಕಿ.

ಅಮ್ಮ ಆಮೇಲೆ ಇನ್ನೊಮ್ಮೆ ಹಾಗೇ ಕೂತದ್ದುಂಟು. ಯಾರನ್ನೂ ಕರೆಯಬೇಕಾಗಲಿಲ್ಲ. ಈಗ ನನ್ನ ಹಳೆಯ ಹಳದಿ ಟ್ಯೂಬಿನ ಬದಲು ಹೊಸ ಹಳದಿ ತಂದು ಅಮ್ಮನಿಗೂ ಕೊಟ್ಟಿದ್ದೇನೆ. ಕುರ್ಚಿಯಲ್ಲಿ ಕೂತು ಎರಡೂ ಪಾದಕ್ಕೆ ಸುತ್ತಿ ಹೊಟ್ಟೆ ಕಡೆ ಎಳೆಯುತ್ತಾರೆ. ಮಾವನವರಿಗೂ ವೈದ್ಯರು ಆಗಬಹುದು ಎಂದರೆ ಇದನ್ನು ಮಾಡಿಸಿ. ಅವರು ಏಳುವಾಗ ಕುರ್ಚಿಯ ಕೈ ಹಿಡಿದು ತಾವೇ ಸ್ವಲ್ಪ ಬಲ ಹಾಕಿದರೂ ನಿಮ್ಮ ಮೇಲೆ ಬೀಳುವ ಭಾರ ಅಷ್ಟು ಕಮ್ಮಿ.

ನಿಮ್ಮ ಟ್ಯೂಬಿನ ಉದ್ದ, ಯಾವ ಗೆರೆಯಲ್ಲಿ ಎಷ್ಟು ಕೆಜಿ ಬಂತು, ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಏಳಲಾಯಿತು ಎಂದು ಇಲ್ಲೇ ಕೆಳಗೆ ಬರೆಯಿರಿ. ಎಲ್ಲಿಂದ ಶುರುಮಾಡಬಹುದು ಎಂದು ನೋಡಿ ಹೇಳುತ್ತೇನೆ.