ಎಣ್ಣೆಬಣ್ಣದಲ್ಲಿ ಬಿರುಗಾಳಿಯ ಸಮುದ್ರ, ಹಡಗು ಬಿಡಿಸಲು ಕಲಿಯುವುದು ಹೇಗೆ?

ರಷ್ಯಾದ ಸಮುದ್ರ ಚಿತ್ರಕಾರ ಐವಾಜೊವ್‌ಸ್ಕಿಯ ಚಿತ್ರಗಳನ್ನು ನೋಡಿ ಅದೇ ತರಹದ ಸಮುದ್ರ ಬಿಡಿಸಲು ಹೊರಟಿದ್ದೀರಿ. ಆದರೆ ಅಲೆ ಪ್ಲಾಸ್ಟಿಕ್ ಹಾಳೆಯ ಹಾಗೆ, ಹಡಗು ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ ಎಂದು ಕೇಳಿದ್ದೀರಿ. ನನಗೂ ಎರಡು ವರ್ಷ ಇದೇ ಕಾಟ ಇತ್ತು. ಮೊದಲು ಹಡಗನ್ನು ಪೆನ್ಸಿಲ್‌ನಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡು, ಸುತ್ತ ನೀರು ತುಂಬುತ್ತಿದ್ದೆ. ತಪ್ಪಿದ್ದು ಅಲ್ಲೇ. ಬೆಳಕು ಎಲ್ಲಿಂದ ಬರುತ್ತದೆ ಅನ್ನೋದು ಮೊದಲು ತೀರ್ಮಾನವಾಗಬೇಕು. ಹಡಗು ಕೊನೆಗೆ.

ಅವನ 1850ರ ‘ಒಂಬತ್ತನೇ ಅಲೆ’ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ಮೂಲ ಚಿತ್ರ ಸೇಂಟ್ ಪೀಟರ್ಸ್‌ಬರ್ಗ್‌ನ ರಷ್ಯನ್ ಮ್ಯೂಸಿಯಂನಲ್ಲಿದೆ, ಮೂರು ಮೀಟರ್‌ಗೂ ಜಾಸ್ತಿ ಅಗಲ. ಅದರಲ್ಲಿ ಇಡೀ ಹಡಗೇ ಇಲ್ಲ. ಮುರಿದ ಪಟದ ಕಂಬ, ಅದಕ್ಕೆ ಜೋತುಬಿದ್ದ ಕೆಲವರು. ಸೂರ್ಯ ಮಂಜಿನ ಹಿಂದಿದ್ದಾನೆ, ಬೆಳಕು ನೀರನ್ನು ತೂರಿ ನಮ್ಮ ಕಡೆ ಬರುತ್ತದೆ.

ಇದನ್ನು ನಮ್ಮ ಕರಾವಳಿಯಲ್ಲೇ ಕಣ್ಣಾರೆ ನೋಡಬಹುದು. ಇಲ್ಲಿ ಸೂರ್ಯ ಸಮುದ್ರದ ಕಡೆಗೇ ಇಳಿಯುತ್ತಾನೆ, ಅಲ್ವಾ? ಸಂಜೆ ಐದೂವರೆಗೆ ಮಲ್ಪೆಯಲ್ಲೋ ಕಾಪುವಿನಲ್ಲೋ ಸುಮ್ನೆ ಕೂತು ಒಂದೊಂದೇ ಅಲೆ ನೋಡಿ. ಬುಡ ಕಪ್ಪು ಹಸಿರು. ಏರುತ್ತಾ ಏರುತ್ತಾ ನೀರು ತೆಳ್ಳಗಾಗುತ್ತದೆ. ಮುರಿಯುವ ಮುಂಚೆ ತುದಿ, ಎಳೆ ಬಾಳೆ ಎಲೆಯನ್ನು ಬಿಸಿಲಿಗೆ ಹಿಡಿದ ಹಾಗೆ ಬೆಳಗುತ್ತದೆ. ನೊರೆಯನ್ನೂ ಗಮನಿಸಿ. ಬೆಳಕು ಹಿಂದಿರುವುದರಿಂದ ನಮ್ಮ ಕಡೆಯ ನೊರೆ ಬೂದು ನೀಲಿ, ಅಂಚು ಮಾತ್ರ ಬಿಳಿ. ನಾನು ಟ್ಯೂಬಿನ ಬಿಳಿಯನ್ನೇ ಎಲ್ಲ ಕಡೆ ಮೆತ್ತುತ್ತಿದ್ದೆ. ಪ್ಲಾಸ್ಟಿಕ್ ಆಗಿದ್ದು ಅದರಿಂದ.

ಕೆಲಸ ಹೀಗೆ ಶುರು ಮಾಡಿ. ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಕಲಸಿ ಇಡೀ ಕ್ಯಾನ್ವಾಸಿಗೆ ಬಳಿಯಿರಿ. ಬೆಳಕು ಬೇಕಾದ ಕಡೆ ಹಳೇ ಬಟ್ಟೆಯಿಂದ ಒರೆಸಿ ತೆಗೆಯಿರಿ. ಅರ್ಧ ಚಿತ್ರ ಆಗಲೇ ಕಾಣುತ್ತದೆ! ಅದು ಒಣಗಿದ ಮೇಲೆ ಆಕಾಶ, ಆಮೇಲೆ ನೀರು. ಅಲೆಯ ಬುಡಕ್ಕೆ ಪ್ರಷ್ಯನ್ ಬ್ಲೂ (ಗಾಢ ನೀಲಿ) ಜೊತೆ ಅಂಬರ್. ತುದಿಗೆ ಬಿಳಿಗೆ ಚೂರೇ ಹಳದಿ ಬೆರೆಸಿದ ತಿಳಿಬಣ್ಣ, ಹಸಿರು ಈಗಲೇ ಬೇಡ. ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ನನಗೆ ಹನ್ನೆರಡು ದಿನ ಹಿಡಿದಿತ್ತು. ನಂತರ ವಿರಿಡಿಯನ್ ಹಸಿರನ್ನು ಲಿನ್‌ಸೀಡ್ (ಅಗಸೆ) ಎಣ್ಣೆಯಲ್ಲಿ ತೆಳ್ಳಗೆ ಮಾಡಿ, ಆ ತುದಿಯ ಮೇಲೆ ಮೆತ್ತನೆ ಬ್ರಷ್‌ನಿಂದ ಸವರಿ. ಒಳಗಿನ ತಿಳಿಬಣ್ಣ ಹಸಿರಿನ ಮೂಲಕ ಹೊಳೆಯುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನಾನು ಬ್ರಷ್ ಕೆಳಗಿಟ್ಟು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಒಂದು ಎಚ್ಚರ: ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಜಾಸ್ತಿ ಇರಲಿ. ಉಲ್ಟಾ ಆದರೆ ಮುಂದೆ ಬಿರುಕು ಬಿಡುತ್ತದೆ.

ಇನ್ನು ಹಡಗು. ಇಂಗ್ಲಿಷ್ ಚಿತ್ರಕಾರ ಟರ್ನರ್ 1839ರಲ್ಲಿ ಪ್ರದರ್ಶಿಸಿದ ‘ಫೈಟಿಂಗ್ ಟೆಮೆರೇರ್’ ನೋಡಿ. ಎಳೆದೊಯ್ಯುವ ಪುಟ್ಟ ಹಬೆದೋಣಿ ಕಪ್ಪು, ಹಿಂದಿನ ದೊಡ್ಡ ಹಡಗು ಹೆಚ್ಚುಕಡಿಮೆ ಆಕಾಶದ್ದೇ ಬಣ್ಣ. ದೂರದ ಹಡಗಿಗೆ ಬೇರೆ ಬಣ್ಣ ಕಲಸಬೇಡಿ. ಆಕಾಶಕ್ಕೆ ಕಲಸಿದ್ದಕ್ಕೇ ಚೂರು ಅಂಬರ್ ಸೇರಿಸಿ. ಹಡಗಿನ ತಳ ನೀರಿಗೆ ತಾಗುವಲ್ಲಿ ಗೆರೆ ಎಳೆಯಬೇಡಿ, ಒಣ ಬ್ರಷ್‌ನಿಂದ ನೊರೆಯೊಳಗೆ ಕರಗಿಸಿ. ಬಾವುಟ, ಹಾಯಿ, ಅಲೆಯ ತುಂತುರು ಎಲ್ಲವೂ ಒಂದೇ ಗಾಳಿಗೆ ಒಂದೇ ಕಡೆ ಹಾರಲಿ. ಹಗ್ಗಗಳನ್ನೆಲ್ಲ ಬರೆಯಲು ಹೋಗಬೇಡಿ. ಉದ್ದ ಕೂದಲಿನ ರಿಗ್ಗರ್ ಬ್ರಷ್‌ನಲ್ಲಿ ಮೂರು ನಾಲ್ಕು ಎಳೆದರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣು ಕಟ್ಟಿಕೊಳ್ಳುತ್ತದೆ.