ಕ್ವಾರಿ ಗುಂಡಿಯಲ್ಲಿ ಪಾರ್ಕ್: ಲಾನ್ ಬೇಡ, ಮೊದಲು ಒಂದು ಮಳೆಗಾಲ ನೋಡಿ

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮೂರಿನ ಪಕ್ಕ ಇಪ್ಪತ್ತು ಎಕರೆ ಹಳೆ ಕಲ್ಲು ಕ್ವಾರಿ ಇದೆ. ಕೆಲಸ ನಿಂತು ಎಂಟು ವರ್ಷ ಆಯ್ತು. ಗುಂಡಿ ತುಂಬ ನೀರು, ಸುತ್ತ ಬಳ್ಳಾರಿ ಜಾಲಿ. ಪಂಚಾಯಿತಿಯವರು ಪಾರ್ಕ್ ಮಾಡೋಣ ಅಂತಿದ್ದಾರೆ. ಒಬ್ಬ ಕಂಟ್ರಾಕ್ಟರು ಲಾನ್, ಕಾರಂಜಿ, ಬೋಟಿಂಗ್ ಎಲ್ಲ ಸೇರಿಸಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಎಷ್ಟು ಲೋಡ್ ಮಣ್ಣು ಬೇಕು, ಯಾವ ಗಿಡ ಹಾಕಬೇಕು ಸರ್?

ಉತ್ತರ: ಆ ಎಸ್ಟಿಮೇಟನ್ನು ಸದ್ಯಕ್ಕೆ ಬೀರುವಿನಲ್ಲಿಡಿ. ಒಂದು ಮಳೆಗಾಲ ಪೂರ್ತಿ ಆ ಜಾಗವನ್ನು ಸುಮ್ನೆ ನೋಡಿ. ನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ, ಏಪ್ರಿಲ್‌ನಲ್ಲಿ ಎಷ್ಟು ಉಳಿಯುತ್ತೆ, ಯಾರೂ ಹಾಕದೆ ಯಾವ ಗಿಡ ತಾನಾಗಿ ಎದ್ದಿದೆ ಅಂತ ಬರೆದಿಟ್ಟುಕೊಳ್ಳಿ. ಬಂಡೆ ಸೀಳಿನಲ್ಲಿ ಒಂದು ಅರಳಿಯೋ ಗೋಣಿಯೋ ಎದ್ದಿರುತ್ತೆ. ನಿಮ್ಮ ಪಾರ್ಕ್ ಅಲ್ಲಿಂದಲೇ ಶುರು.

ಲಾನ್ ಯಾಕೆ ಬೇಡ ಅಂದರೆ, ನಿಮ್ಮದು ಬೋರ್‌ವೆಲ್‌ಗೆ ಸಾವಿರ ಅಡಿ ಕೊರೆಯುವ ಸೀಮೆ. ಕಲ್ಲಿನ ಮೇಲೆ ಅರ್ಧ ಅಡಿ ಮಣ್ಣು ಹಾಕಿ ಹುಲ್ಲು ಹಾಸಿದರೆ ಉದ್ಘಾಟನೆ ದಿನ ಫೋಟೋ ಚೆನ್ನಾಗಿ ಬರುತ್ತೆ, ಎರಡನೇ ಬೇಸಿಗೆಗೆ ಎಲ್ಲ ಒಣಗಿರುತ್ತೆ.

ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನ ಸುಮಾರು 380 ಎಕರೆ. ಅಲ್ಲೂ ಹಿಂದೆ ಕಲ್ಲು ಗಣಿ ಇತ್ತು. ಹರಿಯಾಣದ ಅರಾವಳಿ ಗುಡ್ಡಗಳಲ್ಲಿ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತ ಮೇಲೆ ಉಳಿದಿದ್ದು ಹೊಂಡ, ಕಲ್ಲುರಾಶಿ ಮತ್ತು ನಿಮ್ಮಲ್ಲಿರುವಂಥದ್ದೇ ಬಳ್ಳಾರಿ ಜಾಲಿ, ಅಲ್ಲಿನವರ ಮಾತಲ್ಲಿ ವಿಲಾಯತಿ ಕೀಕರ್. ಜಾಗ ನಗರಪಾಲಿಕೆಯದು, ಕೆಲಸಕ್ಕಿಳಿದದ್ದು 'ಐ ಆಮ್ ಗುರ್‌ಗಾಂವ್' ಅನ್ನೋ ನಾಗರಿಕರ ಗುಂಪು, ಶುರುವಾದದ್ದು 2010ರಲ್ಲಿ. ಅವರು ಮಾಡಿದ ಜಾಣತನ ಏನು ಗೊತ್ತಾ? ಮಾಮೂಲಿ ನರ್ಸರಿಯಲ್ಲಿ ಸಿಗುವ ಗಿಡಕ್ಕೆ ಕೈ ಹಾಕದೆ, ಅರಾವಳಿಯಲ್ಲಿ ಇನ್ನೂ ಉಳಿದಿರುವ ಕಾಡುಗಳಿಗೆ ಹೋಗಿ, ಅಲ್ಲಿನ ಕಲ್ಲುಗುಡ್ಡದಲ್ಲಿ ಏನು ಬೆಳೆಯುತ್ತೆ ನೋಡಿ, ಬೀಜ ಆಯ್ದು ತಂದು, ತಮ್ಮದೇ ನರ್ಸರಿ ಮಾಡಿಕೊಂಡರು. ಅಲ್ಲಿ ಹಾಕಿದ ಧೌ ಮರ ನಮ್ಮ ದಿಂಡಿಗಕ್ಕೆ ಹತ್ತಿರದ ನೆಂಟ. ಢಾಕ್ ಅಂದರೆ ನಮ್ಮ ಮುತ್ತುಗವೇ. ಕಂಪನಿ ನೌಕರರು, ಶಾಲೆ ಮಕ್ಕಳು ಬಂದು ಗಿಡ ನೆಟ್ಟರು. ರಕ್ಷಿತಾರಣ್ಯ ಅಲ್ಲದಿದ್ದರೂ ಜೀವವೈವಿಧ್ಯ ಉಳಿಸುತ್ತಿರುವ ಜಾಗ ಅಂತ 2022ರಲ್ಲಿ ದೇಶದಲ್ಲೇ ಮೊದಲು ಮಾನ್ಯತೆ ಸಿಕ್ಕಿದ್ದು ಇದಕ್ಕೆ. ಶುರುವಾಗಿ ಅಷ್ಟರಲ್ಲಿ ಹನ್ನೆರಡು ವರ್ಷ ಆಗಿತ್ತು ಅನ್ನೋದನ್ನ ನಿಮ್ಮ ಅಧ್ಯಕ್ಷರಿಗೆ ಹೇಳಿ.

ಇನ್ನು ಮಣ್ಣು. ಕ್ವಾರಿ ಶುರು ಮಾಡುವಾಗ ಹೆರೆದ ಮೇಲ್ಮಣ್ಣು ಎಲ್ಲೋ ಒಂದು ಅಂಚಿನಲ್ಲಿ ಗುಡ್ಡೆಯಾಗಿ ಬಿದ್ದಿರುತ್ತೆ, ಮೊದಲು ಅದನ್ನು ಹುಡುಕಿ. ಸಾಲದಿದ್ದರೆ ಕೆರೆ ಗೋಡು ತನ್ನಿ. ಆದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬಿಸುವ ಕೆರೆಯದಾದರೆ ಲೋಹದ ಅಂಶ ಪರೀಕ್ಷೆ ಮಾಡಿಸದೆ ತರಬೇಡಿ. ಇನ್ನೊಂದು ಗುಡ್ಡ ಅಗೆದಂತೂ ತರಲೇಬೇಡಿ. ಇಡೀ ಇಪ್ಪತ್ತು ಎಕರೆಗೆ ಹರಡೋದೂ ಬೇಕಿಲ್ಲ. ಬಂಡೆ ನಡುವಿನ ತಗ್ಗುಗಳಿಗೆ ಮಣ್ಣು, ಸಗಣಿ ಗೊಬ್ಬರ, ಒಣ ಎಲೆ ತುಂಬಿ, ಅಲ್ಲಷ್ಟೇ ಗಿಡ ಹಾಕಿ. ಹೊಂಗೆ, ಬೇವು, ಸೀತಾಫಲ, ಮುತ್ತುಗ, ಅಂಚಿನಲ್ಲಿ ಆಲ. ನೀಲಗಿರಿ ಬೇಡ. ಜಾಲಿಯನ್ನು ಒಂದೇ ಸಲ ಜೆಸಿಬಿ ಬಿಟ್ಟು ಕೀಳಬೇಡಿ, ಇರುವಷ್ಟು ಮಣ್ಣನ್ನು ಸದ್ಯ ಹಿಡಿದಿರೋದು ಅದೇ. ಗಿಡ ಮೇಲೆದ್ದಂತೆ ಭಾಗ ಭಾಗವಾಗಿ ತೆಗೆಯಿರಿ.

ಮಣ್ಣು ಹುಟ್ಟಿಸುವ ವಿಷಯದಲ್ಲಿ ನನಗೆ ಇಷ್ಟವಾದ ಕಥೆ ಕೀನ್ಯಾದ್ದು. ಮೊಂಬಾಸಾ ಹತ್ತಿರ ಸಿಮೆಂಟಿಗೆ ಸುಣ್ಣದಕಲ್ಲು ತೆಗೆದ ಬೋಳು ಹೊಂಡದಲ್ಲಿ 1971ರಲ್ಲಿ ಆ ಸಿಮೆಂಟ್ ಕಂಪನಿಯಲ್ಲೇ ಇದ್ದ ಕೃಷಿ ತಜ್ಞ ರೆನೆ ಹಾಲರ್ ಗಿಡ ಹಾಕತೊಡಗಿದರು. ಹೆಚ್ಚಿನವು ಸತ್ತವು, ಗಾಳಿಮರ ಬದುಕಿತು. ಆದರೆ ಅದರ ಸೂಜಿ ಎಲೆ ಬಿದ್ದು ಕೊಳೆಯದೆ ಹಾಗೇ ಗುಡ್ಡೆಯಾಯಿತು. ಆಗ ತಂದು ಬಿಟ್ಟಿದ್ದು ಸಹಸ್ರಪದಿಗಳನ್ನು, ಅದೇ ಮಳೆಗಾಲದಲ್ಲಿ ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಹುಳ. ಅವು ಎಲೆ ತಿಂದು ತಿಂದು ಮಣ್ಣು ಮಾಡಿಕೊಟ್ಟವು. ಇವತ್ತು ಅದು ಹಾಲರ್ ಪಾರ್ಕ್. 2004ರ ಸುನಾಮಿಯಲ್ಲಿ ತಾಯಿ ಕಳೆದುಕೊಂಡ ನೀರಾನೆ ಮರಿ ಮುದಿ ಆಮೆಯ ಹಿಂದೆ ಬಿದ್ದ ಸುದ್ದಿ ಓದಿದ್ದೀರಲ್ಲ, ಅದೂ ಅಲ್ಲಿಯದೇ.

ನೀರಿನ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ, ಬೋಟಿಂಗ್ ಬೇಡ. ಕ್ವಾರಿ ಹೊಂಡ ಕೆರೆಯ ಹಾಗಲ್ಲ. ಕೆರೆಗೆ ಇಳಿಜಾರು ಇರುತ್ತೆ, ಇಲ್ಲಿ ಅಂಚಿನಿಂದ ಒಂದು ಹೆಜ್ಜೆ ಇಟ್ಟರೆ ನೇರ ಮೂವತ್ತು ನಲವತ್ತು ಅಡಿ ಆಳ ಇರಬಹುದು. ಈಜು ಬರುವ ಹುಡುಗರೂ ಹತ್ತಲು ಹಿಡಿತ ಸಿಗದೆ ಮುಳುಗುತ್ತಾರೆ. ಮೊದಲ ಖರ್ಚು ಬೇಲಿ. ಎರಡನೆಯದು, ಗಣಿ ಎಂಜಿನಿಯರನ್ನು ಕರೆಸಿ ಗೋಡೆಯ ಸಡಿಲ ಬಂಡೆಗಳನ್ನು ಉರುಳಿಸೋದು. ಒಳಗೆ ಹೋಗಲು ಹೊಸ ದಾರಿ ಕಡಿಯಬೇಡಿ, ಲಾರಿ ಇಳಿಯುತ್ತಿದ್ದ ದಾರಿ ಸಾಕು.

ಪ್ರಶ್ನೆ: ಇಂಥ ಕೆಲಸಕ್ಕೆ ದುಡ್ಡು ಯಾರು ಕೊಡ್ತಾರೆ? (ಬಳ್ಳಾರಿಯಿಂದ)

ಉತ್ತರ: ನಿಮ್ಮ ಜಿಲ್ಲೆಯಲ್ಲಿ ಆ ತಾಪತ್ರಯ ಕಡಿಮೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ, ಗಣಿ ನಡೆಸುವವರು ಹಣ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಪರಿಸರ ರಕ್ಷಣೆ ಅದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಆದರೆ ಅರ್ಜಿ ಬರೆಯುವ ಮೊದಲು ಪಹಣಿ ತೆಗೆಸಿ. ಗೋಮಾಳವೋ, ಅರಣ್ಯವೋ, ಖಾಸಗಿಯೋ ಗೊತ್ತಾಗದೆ ಮುಂದೆ ಹೋಗಬೇಡಿ. ಮತ್ತೆ, ಗಿಡ ನೆಡುವ ಖರ್ಚಿನ ಜೊತೆ ಐದು ವರ್ಷದ ಕಾವಲು, ನೀರಿನ ಖರ್ಚನ್ನೂ ಸೇರಿಸಿ ಕೇಳಿ.

ಪ್ರಶ್ನೆ: ನಾನು ಕೆಜಿಎಫ್‌ನವನು. ನಮ್ಮ ಸೈನೈಡ್ ಗುಡ್ಡಗಳನ್ನೂ ಹೀಗೇ ಪಾರ್ಕ್ ಮಾಡಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಕಲ್ಲು ಕ್ವಾರಿಯದೇ ಬೇರೆ, ಇದೇ ಬೇರೆ. ಅದು ಚಿನ್ನ ತೆಗೆಯಲು ಅರೆದು ಬಿಟ್ಟ ನುಣುಪು ಪುಡಿ, 13 ಗುಡ್ಡ, ಸುಮಾರು 3.3 ಕೋಟಿ ಟನ್. ಹೆಸರು ಸೈನೈಡಿನದಾದರೂ, ಚಿನ್ನ ಬೇರ್ಪಡಿಸಲು ಬಳಸಿದ ಆ ಸೈನೈಡ್ ಬಿಸಿಲಿಗೆ ಬಹುಪಾಲು ಒಡೆದುಹೋಗುತ್ತೆ. ಗಾಳಿ ಬೀಸಿದಾಗ ಮನೆಯೊಳಗೆ ಬರುವ ಸಿಲಿಕಾ ದೂಳಿಗೆ, ಪುಡಿಯಲ್ಲಿ ಉಳಿದಿರುವ ಲೋಹಗಳಿಗೆ ಹೆದರಬೇಕು. ಗಣಿ 2001ರಲ್ಲಿ ಮುಚ್ಚಿದ್ದು ನಿಮಗೆ ಗೊತ್ತೇ ಇದೆ. ಆ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿದೆ. ಅಂದರೆ ಇವತ್ತು ಮೇಲೆ ನೆಟ್ಟಿದ್ದನ್ನು ನಾಳೆ ಅಗೆಯಬಹುದು. ಹಾಗಾಗಿ ಗುಡ್ಡ ಬಿಟ್ಟು, ಮನೆಗಳ ಕಡೆಯ ಒಳ್ಳೆ ಮಣ್ಣಿನಲ್ಲಿ ಬೇವು, ಹೊಂಗೆ ಎರಡು ಮೂರು ಸಾಲು ಒತ್ತಾಗಿ ಹಾಕಿ, ದೂಳಿಗೆ ತಡೆ ಆಗುತ್ತೆ. ಹಣ್ಣಿನ ಗಿಡ ಬೇಡ. ಮಕ್ಕಳು ಅಲ್ಲಿ ಜಾರುಬಂಡೆ ಆಡುವುದನ್ನು, ದೊಡ್ಡವರು ರೀಲ್ಸ್ ಮಾಡಲು ಹತ್ತುವುದನ್ನು ಮೊದಲು ನಿಲ್ಲಿಸಿ.