ಓದುಗರ ಪ್ರಶ್ನೆ: ಜಪಾನಿನ ಆ ನಾಲ್ಕು ಗೆರೆಯ ಮರ

ಹೋದ ಸಂಚಿಕೆಯಲ್ಲಿ ಜಪಾನಿನ ಕಾಂಜಿ, ಅಂದ್ರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥ ಇರೋ ಅಕ್ಷರಗಳ ಬಗ್ಗೆ ಬರೆದಿದ್ವಿ. ಬಂದ ಪತ್ರಗಳಲ್ಲಿ ತುಂಬಾ ಜನ ಕೇಳಿರೋದು ಒಂದೇ ಅಕ್ಷರದ ಬಗ್ಗೆ, ಮರ. ಅದಕ್ಕೇ ಈ ಸಲ ಪೂರ್ತಿ ಅದೇ.

ಪ್ರ: ಜಪಾನೀಸ್ ಕ್ಲಾಸಿಗೆ ಸೇರಿ ಒಂದು ತಿಂಗಳಾಯ್ತು. ಮರ ಅನ್ನೋ ಅಕ್ಷರದಲ್ಲಿ ಕೊಂಬೆಗಳೆಲ್ಲ ಕೆಳಗೆ ಜೋತು ಬಿದ್ದಿವೆಯಲ್ಲ, ಯಾಕೆ? (ದಾವಣಗೆರೆಯ ಓದುಗರು)

ಉ: ಅವು ಕೊಂಬೆ ಅಲ್ಲ, ಬೇರು! ಈ ತಪ್ಪು ನಾನೂ ಎಷ್ಟೋ ದಿನ ಮಾಡಿದ್ದೆ. ಅಕ್ಷರ ನೋಡದೇ ಇರೋರಿಗೆ ಹೇಳ್ತೀನಿ, ಮೊದಲು ಒಂದು ಅಡ್ಡ ಗೆರೆ, ಅದರ ನಡುವೆ ಹಾದು ಮೇಲಿಂದ ಕೆಳಗೆ ಒಂದು ಉದ್ದ ಗೆರೆ, ಎರಡೂ ಕೂಡೋ ಜಾಗದಿಂದ ಎಡಕ್ಕೊಂದು ಬಲಕ್ಕೊಂದು ಇಳಿಯೋ ಗೆರೆ, ಅಷ್ಟೇ, ನಾಲ್ಕೇ ಗೆರೆ. ಇದು ಹುಟ್ಟಿದ್ದು ಚೀನಾದಲ್ಲಿ. ಸುಮಾರು 3200 ವರ್ಷದ ಹಿಂದೆ ಶಾಂಗ್ ರಾಜರ ಕಾಲದಲ್ಲಿ ಆಮೆ ಚಿಪ್ಪು, ದನದ ಹೆಗಲ ಮೂಳೆ ಮೇಲೆ ಶಕುನದ ಪ್ರಶ್ನೆಗಳನ್ನ ಕೊರೀತಿದ್ರು, ಹೆನಾನ್ ಪ್ರಾಂತ್ಯದ ಆನ್ಯಾಂಗ್ ಹತ್ರ ಅವು ರಾಶಿ ರಾಶಿ ಸಿಕ್ಕಿವೆ. ಅದರಲ್ಲಿ ಮರ ಹೇಗಿದೆ ಅಂದ್ರೆ ನಡುವೆ ಕಾಂಡ, ಮೇಲೆ ಆಕಾಶದ ಕಡೆ ಚಾಚಿದ ಎರಡು ಕೊಂಬೆ, ಕೆಳಗೆ ನೆಲದೊಳಕ್ಕೆ ಇಳಿದ ಎರಡು ಬೇರು. ಕಾಲ ಕಳೀತಾ ಕುಂಚದಲ್ಲಿ ಬರೆದು ಬರೆದು ಮೇಲಿನ ಕೊಂಬೆಗಳು ಚಪ್ಪಟೆಯಾಗಿ ಒಂದೇ ಅಡ್ಡ ಗೆರೆ ಆದ್ವು, ಬೇರು ಮಾತ್ರ ಹಾಗೇ ಉಳೀತು. ಅಂದ್ರೆ ಈಗ ಬರೆಯೋ ಮರದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಮಣ್ಣೊಳಗಿದೆ.

ಇದು ಗೊತ್ತಾದ ಮೇಲೆ ಉಳಿದ ಎಷ್ಟೋ ಅಕ್ಷರ ತಾವಾಗೇ ಅರ್ಥ ಆಗ್ತವೆ. ಅದೇ ಮರದ ಕಾಂಡಕ್ಕೆ ಕೆಳಗಡೆ, ಬೇರಿನ ಹತ್ರ, ಒಂದು ಚಿಕ್ಕ ಅಡ್ಡ ಗೆರೆ ಹಾಕಿ, 'ಹೊನ್' ಆಗುತ್ತೆ, ಅರ್ಥ ಬುಡ, ಮೂಲ. ನಿಹೊನ್ ಅನ್ನೋ ದೇಶದ ಹೆಸರಲ್ಲಿ ಇರೋದು ಇದೇ, ಸೂರ್ಯನ ಮೂಲ ಅಂತ. ಪುಸ್ತಕಕ್ಕೂ ಹೊನ್ ಅಂತಾರೆ. ಬೇರಿಗೂ ಪುಸ್ತಕಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು, ಆದ್ರೆ ನಾವೂ 'ಮೂಲ ಪ್ರತಿ', 'ಮೂಲ ಕೃತಿ' ಅಂತೀವಲ್ಲ, ಸಂಸ್ಕೃತದ ಮೂಲ ಅಂದ್ರೂ ಬೇರೇ. ಇನ್ನು ಗೆರೆಯನ್ನ ಮೇಲ್ಗಡೆ ಹಾಕಿದ್ರೆ ಮರದ ತುದಿ, ಅಂದ್ರೆ ಕೊನೆ. ವೀಕೆಂಡಿಗೆ ಹೇಳೋ ಶೂಮತ್ಸುನಲ್ಲಿ ಇರೋದು ಅದು. ಇಲ್ಲಿ ಹುಷಾರಾಗಿರಿ, ಮೇಲಿನ ಗೆರೆ ಕೆಳಗಿನದಕ್ಕಿಂತ ಉದ್ದ ಇದ್ರೆ 'ಕೊನೆ', ಗಿಡ್ಡ ಇದ್ರೆ 'ಇನ್ನೂ ಇಲ್ಲ'. ಭವಿಷ್ಯಕ್ಕೆ ಮಿರೈ ಅಂತಾರೆ, ಇನ್ನೂ ಬಾರದೇ ಇರೋದು. ಒಂದು ಗೆರೆ ಎರಡು ಮಿಲಿಮೀಟರ್ ಉದ್ದ ಆದ್ರೆ ಅರ್ಥವೇ ಬೇರೆ.

ನಮ್ಮ ರಸ್ತೆ ಮೇಲೂ ಈ ಮರ ದಿನಾ ಓಡಾಡ್ತಿದೆ. ಸುಜುಕಿ ಅನ್ನೋ ಮನೆತನದ ಹೆಸರನ್ನ ಗಂಟೆ, ಮರ ಅಂತ ಬರೀತಾರೆ, ಹೋಂಡಾ ಅಂದ್ರೆ ಬುಡ, ಗದ್ದೆ.

ಪ್ರ: ಎರಡು ಮರ ಬರೆದ್ರೆ ತೋಪು, ಮೂರು ಬರೆದ್ರೆ ಕಾಡು ಅಂತ ಕೇಳಿದೀನಿ, ನಿಜಾನಾ? (ಶಿರಸಿಯ ಓದುಗರು)

ಉ: ನಿಜ. ಎರಡು ಅಕ್ಕಪಕ್ಕ ನಿಂತ್ರೆ 'ಹಯಾಶಿ', ಮೇಲೊಂದು ಕೆಳಗೆರಡು ನಿಂತ್ರೆ 'ಮೊರಿ'. ಮೂರನ್ನೂ ಅಲ್ಲಿನ ಮಕ್ಕಳು ಒಂದನೇ ಕ್ಲಾಸಿನ 80 ಅಕ್ಷರಗಳಲ್ಲೇ ಕಲೀತಾರೆ. ಮೊರಿ ಅನ್ನೋದು ಬರೀ ಮರಗಳ ಲೆಕ್ಕ ಅಲ್ಲ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ. 8ನೇ ಶತಮಾನದ ಮನ್ಯೋಶು ಅನ್ನೋ ಕವಿತೆಗಳ ಸಂಕಲನದಲ್ಲಿ ದೇವಸ್ಥಾನ ಅನ್ನೋ ಅಕ್ಷರಗಳನ್ನೇ ಮೊರಿ ಅಂತ ಓದೋ ಜಾಗಗಳಿವೆ, ಕಾಡು ಇರೋ ಕಡೆನೇ ದೇವರು. ಇವತ್ತಿಗೂ ಊರ ದೇವರ ಸುತ್ತ ಉಳಿಸಿಕೊಂಡಿರೋ ಮರಗಳಿಗೆ 'ಚಿಂಜು ನೊ ಮೊರಿ' ಅಂತಾರೆ, ಕೊಡಗಿನವರು ಇದನ್ನ ಓದಿದ್ರೆ ದೇವರಕಾಡು ಅಂತ ತಕ್ಷಣ ಹೇಳ್ತಾರೆ.

ಬರೆಯುವಾಗ ಒಂದು ಗಮನಿಸಿ. ಚೌಕದ ಹಾಳೆ ಮೇಲೆ ಹಯಾಶಿ ಬರೆದ್ರೆ ಎಡಗಡೆ ಮರದ ಬಲಗಾಲನ್ನ ಪೂರ್ತಿ ಚಾಚೋ ಹಾಗಿಲ್ಲ, ಚಿಕ್ಕದಾಗಿ ಒಂದು ಚುಕ್ಕೆ ಥರ ನಿಲ್ಲಿಸಬೇಕು, ಇಲ್ಲಾಂದ್ರೆ ಪಕ್ಕದ ಮರಕ್ಕೆ ತಗಲುತ್ತೆ. ಮೊರಿಯಲ್ಲೂ ಅಷ್ಟೇ, ಮೇಲಿನ ಮರ ಕೈಕಾಲು ಅಗಲ ಮಾಡಿ ನಿಲ್ಲುತ್ತೆ, ಕೆಳಗಿನ ಎಡದ್ದು ಮೈ ಮುದುರಿಕೊಂಡು ಪಕ್ಕದವರಿಗೆ ಜಾಗ ಬಿಡುತ್ತೆ. ನಾನು ಮೊದಲ ವಾರ ಹಾಳೆಗಟ್ಟಲೆ ಬರೆದಿದ್ದು ಈ ಚುಕ್ಕೆಗೋಸ್ಕರವೇ. ಇನ್ನು ನಡು ಗೆರೆಯ ತುದಿಯಲ್ಲಿ ಕೊಕ್ಕೆ ಬಂದ್ರೆ ತಪ್ಪು ಅಂತ ಮಾರ್ಕ್ಸ್ ಕಳೆಯೋ ಟೀಚರ್‌ಗಳಿದಾರೆ, ಆದ್ರೆ 2016ರಲ್ಲಿ ಜಪಾನ್ ಸರ್ಕಾರದ ಸಂಸ್ಕೃತಿ ಇಲಾಖೆ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಕೊಕ್ಕೆ ಇದ್ರೂ ಸರಿ, ಇಲ್ಲದಿದ್ರೂ ಸರಿ.

ಪ್ರ: ಒಂದೇ ಅಕ್ಷರವನ್ನ ಕಿ, ಕೊ, ಮೊಕು, ಬೊಕು ಅಂತ ನಾಲ್ಕು ಥರ ಓದ್ತಾರೆ. ಹೇಗೆ ನೆನಪಿಡೋದು? (ಮೈಸೂರಿನ ಓದುಗರು)

ಉ: ಕನ್ನಡದವರಿಗೆ ಇದು ಕಷ್ಟವೇ ಅಲ್ಲ ಅಂತ ನನ್ನ ಅಭಿಪ್ರಾಯ. ನಮಗೆ ಮರ ಇದೆ, ವೃಕ್ಷವೂ ಇದೆ. ಮನೆ ಹಿಂದೆ ಇರೋದು ಮರ, ಸಮಾಸದಲ್ಲಿ ಬರೋದು ವೃಕ್ಷ, ಕಲ್ಪವೃಕ್ಷ ಅಂತೀವಿ, ಕಲ್ಪಮರ ಅನ್ನಲ್ಲ. ಹಾಗೇ ಕಿ ಅನ್ನೋದು ಜಪಾನಿನ ಸ್ವಂತ ಮಾತು, ಮೊಕು, ಬೊಕು ಚೀನಾದಿಂದ ಬಂದಿದ್ದು. ಎರಡು ಯಾಕೆ ಅಂದ್ರೆ ಎರಡು ಸಲ ಬಂತು, ಮೊದಲು ದಕ್ಷಿಣ ಚೀನಾದ ಉಚ್ಚಾರದಲ್ಲಿ ಮೊಕು, ಆಮೇಲೆ ತಾಂಗ್ ರಾಜರ ಕಾಲದಲ್ಲಿ ರಾಜಧಾನಿಯ ಉಚ್ಚಾರದಲ್ಲಿ ಬೊಕು, ನಮ್ಮಲ್ಲಿ ಬಣ್ಣ, ವರ್ಣ ಎರಡೂ ಉಳಿದುಕೊಂಡ ಹಾಗೆ. ಮರಮುಟ್ಟಿಗೆ ಮೊಕುಜೈ, ಸಿವಿಲ್ ಇಂಜಿನಿಯರಿಂಗ್‌ಗೆ ದೊಬೊಕು, ಅಕ್ಷರಶಃ ಮಣ್ಣು ಮರ. ಕೊ ಅನ್ನೋದು ಕಿ ಮಾತಿನ ಹಳೇ ರೂಪ, ಜೋಡಿ ಪದಗಳಲ್ಲಿ ಸಿಗುತ್ತೆ, ಕೊನೊಹಾ ಅಂದ್ರೆ ಮರದೆಲೆ, ಕೊದಮಾ ಅಂದ್ರೆ ಮರದಲ್ಲಿರೋ ಆತ್ಮ, ಬೆಟ್ಟದಲ್ಲಿ ಕೂಗಿದ್ರೆ ಬರೋ ಪ್ರತಿಧ್ವನಿಗೂ ಅದೇ ಹೆಸರು. ಇನ್ನೊಂದು ಸಂತೋಷದ ವಿಷಯ, ಕಿ ಅಂದ್ರೆ ಬೆಳೆದು ನಿಂತ ಮರವೂ ಹೌದು, ಮೇಜು ಮಾಡೋ ಮರವೂ ಹೌದು, ಥೇಟ್ ನಮ್ಮ ಮರ ಅನ್ನೋ ಮಾತಿನ ಹಾಗೆ. ಈಗಿನ ಚೀನೀ ಭಾಷೆಯಲ್ಲಿ ನಿಂತ ಮರಕ್ಕೆ ಬೇರೆ ಅಕ್ಷರ ಬಂದುಬಿಟ್ಟಿದೆ.

ಪ್ರ: ಟೋಕಿಯೋದ 'ಟೋ' ಅಂದ್ರೆ ಪೂರ್ವ, ಅದು ಮರದ ಹಿಂದೆ ಹುಟ್ಟೋ ಸೂರ್ಯನ ಚಿತ್ರ ಅಂತ ಒಂದು ವಿಡಿಯೋದಲ್ಲಿ ನೋಡಿದೆ. (ಹುಬ್ಬಳ್ಳಿಯ ಓದುಗರು)

ಉ: ನೆನಪಿಟ್ಟುಕೊಳ್ಳೋಕೆ ಒಳ್ಳೇದು, ಆದ್ರೆ ಹುಟ್ಟು ಅದಲ್ಲ. ಈ ವಿವರಣೆ ತುಂಬಾ ಹಳೇದು, ಕ್ರಿ.ಶ. 100ರ ಸುಮಾರಿಗೆ ಷೂ ಷೆನ್ ಅನ್ನೋ ಪಂಡಿತ ಮಾಡಿದ ನಿಘಂಟಿನಲ್ಲೇ ಇದೆ. ಒಂಬತ್ತು ಸಾವಿರಕ್ಕೂ ಹೆಚ್ಚು ಅಕ್ಷರಗಳಿಗೆ ವಿವರಣೆ ಬರೆದ ಮಹಾನುಭಾವ, ಮರಕ್ಕೆ 'ನೆಲ ಸೀಳಿಕೊಂಡು ಬೆಳೆಯುವಂಥದ್ದು' ಅಂತ ಎಷ್ಟು ಚೆನ್ನಾಗಿ ಬರೆದಿದಾನೆ. ಆದ್ರೆ ಆ ಶಕುನದ ಮೂಳೆಗಳು ಅವನ ಕಾಲಕ್ಕೆ ಮಣ್ಣೊಳಗಿದ್ವು, ವಿದ್ವಾಂಸರ ಗಮನಕ್ಕೆ ಬಂದಿದ್ದು 1899ರಲ್ಲಿ. ಅವುಗಳಲ್ಲಿ ಪೂರ್ವ ಅನ್ನೋ ಅಕ್ಷರ ನೋಡಿದ್ರೆ ಎರಡೂ ತುದಿ ಕಟ್ಟಿದ ಚೀಲದ ಥರ ಇದೆ. ದಿಕ್ಕಿನ ಹೆಸರಿನ ಉಚ್ಚಾರಕ್ಕೆ ಹೊಂದುತ್ತೆ ಅಂತ ಚೀಲದ ಚಿತ್ರವನ್ನ ಎರವಲು ತಗೊಂಡ್ರು ಅಂತ ಈಗಿನ ಹೆಚ್ಚಿನ ವಿದ್ವಾಂಸರು ಹೇಳ್ತಾರೆ. ನೋಡೋಕೆ ಮರ ಇದ್ದ ಕಡೆಯೆಲ್ಲ ಮರ ಇರಲ್ಲ.

ಪ್ರ: ಗುರುವಾರಕ್ಕೆ ಅಲ್ಲಿ 'ಮರದ ವಾರ' ಅಂತಾರಂತೆ? (ಉಡುಪಿಯ ಓದುಗರು)

ಉ: ಹೌದು, ಮೊಕುಯೋಬಿ. ಗುರು ಗ್ರಹಕ್ಕೆ ಅವರು ಮೊಕುಸೇ, ಮರದ ತಾರೆ ಅಂತಾರೆ, ಯಾಕಂದ್ರೆ ಚೀನಾದ ಪಂಚಭೂತಗಳಲ್ಲಿ ಮರವೂ ಒಂದು, ಅದನ್ನ ಗುರು ಗ್ರಹಕ್ಕೆ ಕೊಟ್ಟಿದ್ದಾರೆ. ಹೆಸರು ಬೇರೆ, ಗ್ರಹ ಒಂದೇ, ದಿನವೂ ಒಂದೇ. ಅದು ಕಾಕತಾಳೀಯ ಅಲ್ಲ. 8ನೇ ಶತಮಾನದಲ್ಲಿ ಅಮೋಘವಜ್ರ ಅನ್ನೋ ಬೌದ್ಧ ಗುರು ಭಾರತದ ನಕ್ಷತ್ರ, ವಾರಗಳ ಲೆಕ್ಕವನ್ನ ಚೀನೀ ಭಾಷೆಗೆ ತಂದ್ರು, ಆ ಗ್ರಂಥವನ್ನ ಕೂಕಾಯ್ ಅನ್ನೋ ಜಪಾನಿ ಭಿಕ್ಷು 806ರಲ್ಲಿ ಊರಿಗೆ ತಗೊಂಡು ಹೋದ್ರು. ಸಾವಿರ ವರ್ಷ ಅದು ಪಂಚಾಂಗದಲ್ಲೇ ಇತ್ತು, 1876ರಲ್ಲಿ ಸರ್ಕಾರಿ ಆಫೀಸುಗಳಿಗೆ ಭಾನುವಾರ ರಜೆ ಶುರುವಾದ ಮೇಲೆ ದಿನಬಳಕೆಗೆ ಬಂತು.

ಪ್ರ: ಜಪಾನಿನವರೇ ಮಾಡಿದ ಮರದ ಅಕ್ಷರ ಇದೆಯಾ? (ಬೆಂಗಳೂರಿನ ಓದುಗರು)

ಉ: ಇದೆ. ಮರದ ಪಕ್ಕ ದೇವರು ಬರೆದ್ರೆ 'ಸಕಾಕಿ', ಜಪಾನಿನ ಶಿಂತೋ ಧರ್ಮದ ಪೂಜೆಗೆ ಬಳಸೋ ನಿತ್ಯಹಸಿರು ಗಿಡ, ಈ ಅಕ್ಷರ ಚೀನಾದಲ್ಲಿ ಹುಟ್ಟಿದ್ದಲ್ಲ. ಮರದ ಪಕ್ಕ ಗಟ್ಟಿ ಬರೆದ್ರೆ 'ಕಶಿ', ಗಟ್ಟಿ ಮರದ ಓಕ್. ಋತುಗಳ ಜೋಡಿಯೂ ಇದೆ, ಈ ಅಕ್ಷರಗಳು ಚೀನಾದಲ್ಲೂ ಇವೆ, ಜಪಾನಿನಲ್ಲಿ ಅರ್ಥ ಮಾತ್ರ ಬೇರೆ. ಮರ ಬೇಸಿಗೆ ಸೇರಿದ್ರೆ 'ಎನೊಕಿ' ಅನ್ನೋ ಮರ, ಮರ ಚಳಿಗಾಲ ಸೇರಿದ್ರೆ 'ಹಿರಾಗಿ', ಎಲೆ ಅಂಚಲ್ಲಿ ಮುಳ್ಳಿರೋ ಗಿಡ, ಫೆಬ್ರವರಿಯ ಸೆತ್ಸುಬುನ್ ದಿನ ಅದರ ರೆಂಬೆಗೆ ಬೂತಾಯಿ ಥರದ ಮೀನಿನ ತಲೆ ಸಿಕ್ಕಿಸಿ ಬಾಗಿಲಲ್ಲಿ ಇಡ್ತಾರೆ, ಕೆಟ್ಟದ್ದು ಒಳಗೆ ಬರದಿರಲಿ ಅಂತ. ಮರ ವಸಂತ ಸೇರಿದ್ರೆ 'ತ್ಸುಬಾಕಿ', ಚಳಿ ಮುಗಿಯೋ ಮೊದಲೇ ಕೆಂಪಗೆ ಅರಳೋ ಕ್ಯಾಮೆಲಿಯಾ ಹೂವಿನ ಗಿಡ. ಇದೇ ಅಕ್ಷರವನ್ನ ಚೀನಾದವರಿಗೆ ತೋರಿಸಿದ್ರೆ ಅವರಿಗೆ ಹೂವು ನೆನಪಾಗಲ್ಲ, ವಸಂತದಲ್ಲಿ ಚಿಗುರು ಕಿತ್ತು ಮೊಟ್ಟೆ ಜೊತೆ ಹುರಿದು ತಿನ್ನೋ ಬೇರೆಯೇ ಮರ ನೆನಪಾಗುತ್ತೆ.